ಬರ್ತೀನಿ ಎನ್ನದೆ ಹೊರಟ ಏಳು ಕಿಲೋಮೀಟರ್

ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಮಲ್ಲೇಶ್ವರದ ನಮ್ಮ ಮನೆಯಿಂದ ಹೊರಟೆ. ಹೋಗಬೇಕಾದದ್ದು ಬಸವನಗುಡಿಗೆ. ದೂರ ಸುಮಾರು ಏಳು ಕಿಲೋಮೀಟರ್. ಮೆಟ್ರೋದಲ್ಲಿ ಹೋದರೆ ಕಾಲು ಗಂಟೆಯ ಮಾತು, ನನಗೆ ಎರಡು ಗಂಟೆ ಹಿಡಿಯಿತು. ಇಷ್ಟಕ್ಕೆ ಪ್ರವಾಸ ಎನ್ನುತ್ತಾರೆಯೇ ಎಂದು ನೀವು ನಗಬಹುದು. ಮೂವತ್ತೊಂದು ವರ್ಷ ಬೆಳಿಗ್ಗೆ ಏಳಕ್ಕೆ ಕಂಪನಿಯ ವ್ಯಾನು ಹತ್ತಿ ಕತ್ತಲಾದ ಮೇಲೆ ಇಳಿದವನು ನಾನು. ಕೆಲಸದ ದಿನ ಹನ್ನೊಂದು ಗಂಟೆಗೆ ಈ ಊರು ಹೇಗಿರುತ್ತದೆ ಎಂದು ನೋಡಿದವನಲ್ಲ. ನನಗೆ ಅದು ಪರದೇಶವೇ.

ಬಾಗಿಲಲ್ಲಿ ನನ್ನ ಹೆಂಡತಿ ಪದ್ಮ ನಿಂತಿದ್ದಳು. ನಾನು ತಲೆಯಾಡಿಸಿ ಚಪ್ಪಲಿ ಮೆಟ್ಟಿದೆ.

"ಬರ್ತೀನಿ ಅಂತ ಹೇಳಿ ಹೋಗ್ರೀ. ಎರಡು ತಿಂಗಳಿಂದ ಮೂಗನ ಥರ ಹೊರಡ್ತೀರ," ಎಂದಳು.

ಕೇಳಿಸದವನಂತೆ ಗೇಟು ತೆಗೆದೆ. ಅಲ್ಲಿ ಇನ್ನೊಂದು ತಪಾಸಣೆ ಕಾದಿತ್ತು. ಪಕ್ಕದ ಮನೆಯ ಶಾಂತಮ್ಮನವರು ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ನಮ್ಮಲ್ಲಿ ಅಪಶಕುನ. ಹಾಗೆಂದು ಕೇಳದೆ ಇರುವುದೂ ಯಾರಿಂದಲೂ ಆಗುವುದಿಲ್ಲ. ಅದಕ್ಕೇ ದೂರವನ್ನು ಕೇಳುತ್ತೇವೆ.

"ಎಷ್ಟು ದೂರ ಹೊರಟ್ರಿ ಮುನಿರಾಜು?"

"ಇಲ್ಲೇ."

"ಇವತ್ತೂ ರಜಾನಾ?"

"ಹೂಂ," ಎಂದೆ. ಎರಡು ತಿಂಗಳಿಂದ ಇದೇ ಪ್ರಶ್ನೆ, ಇದೇ ಉತ್ತರ. ಇಷ್ಟೊಂದು ರಜೆ ಕೊಡುವ ಕಂಪನಿ ಯಾವುದಪ್ಪಾ ಎಂದು ಅವರು ಬೆರಗಾಗಿರಬೇಕು.

ಕಂಪನಿ ತೂಕದ ಯಂತ್ರಗಳದ್ದು. ನಾನಿದ್ದದ್ದು ಸರಕು ಕಳಿಸುವ ಡಿಸ್ಪ್ಯಾಚ್ ವಿಭಾಗದಲ್ಲಿ. ಯಾವ ಊರಿಗೆ ಎಷ್ಟು ಕಿಲೋಮೀಟರ್, ಯಾವ ಲಾರಿ, ಯಾವ ಪಿನ್ ಕೋಡ್, ಎಲ್ಲವೂ ಬಾಯಿಗೆ ಬರುತ್ತಿತ್ತು. ಐವತ್ತೆಂಟಕ್ಕೆ ನಿವೃತ್ತಿ, ಇನ್ನು ಹತ್ತು ತಿಂಗಳು ಬಾಕಿ. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕರೆದು, ವಿಭಾಗವನ್ನೇ ಮುಚ್ಚುತ್ತಿದ್ದೇವೆ ಎಂದು ಒಂದು ಕಾಗದ ಕೊಟ್ಟರು. ಕೊಟ್ಟವರು ಹೊರಗಿನ ರಾಜ್ಯದಿಂದ ಬಂದ ಹೊಸ ಅಧಿಕಾರಿ. ಒಳ್ಳೆಯವರೇ, ಕನ್ನಡ ಕಲಿಯುತ್ತಿದ್ದರು. ನಾನು ಎದ್ದು ನಿಂತೆ. ಏನು ಹೇಳಬೇಕೆಂದು ತೋಚದೆ, ದಿನವೂ ಹೇಳುವಂತೆ "ಬರ್ತೀನಿ ಸಾರ್" ಎಂದೆ. ಪಾಪ, ಅವರು ಗಾಬರಿಯಾಗಿ, "ಇಲ್ಲ ಇಲ್ಲ, ಬರೋದು ಬೇಡ. ನಿಮ್ಮ ಸಾಮಾನಿನ ಬ್ಯಾಗ್ ಮನೆಗೇ ಕಳಿಸ್ತೀವಿ," ಎಂದರು.

ಅವರ ತಪ್ಪೇನೂ ಇಲ್ಲ. ಹೋಗುವಾಗ ಬರುತ್ತೇನೆ ಎನ್ನುವ ಜನ ನಾವು, ಅದನ್ನು ಯಾವ ಪುಸ್ತಕ ಕಲಿಸುತ್ತದೆ? ಬ್ಯಾಗು ನಾಲ್ಕು ದಿನದ ಮೇಲೆ ಬಂತು. ಪಿನ್ ಕೋಡ್ ತಪ್ಪಿ ಯಲಹಂಕಕ್ಕೆ ಹೋಗಿ ಬಂದಿತ್ತು. ಅದನ್ನು ನೋಡಿ ಮೊದಲು ನಗು ಬಂತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಅವತ್ತಿನಿಂದ ಆ ಒಂದು ಮಾತು ನನ್ನ ಬಾಯಿಂದ ಹೊರಡುತ್ತಿಲ್ಲ. ಯಾರಾದರೂ ಬೇಡ ಎಂದುಬಿಟ್ಟರೆ ಎಂದು ಹೆದರಿಕೆ.

ಬಸವನಗುಡಿಯಲ್ಲಿ ಇರುವವನು ಗಂಗಾಧರ. ಕಾಟನ್‌ಪೇಟೆಯ ಶಾಲೆಯಲ್ಲಿ ನನ್ನ ಜೊತೆ ಓದಿದವನು. ತಡವಾಗಿ ಸೇರಿದ್ದರಿಂದ ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವನು. ಸರ್ಕಾರಿ ಕಚೇರಿಯಿಂದ ಮಾರ್ಚ್ ಕೊನೆಗೆ ನಿವೃತ್ತನಾಗಿ, ಹಾರ, ಪೇಟ ಹಾಕಿಕೊಂಡ ಫೋಟೋವನ್ನು ನಮ್ಮ ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದರ ಕೆಳಗೆ ನಾನು "ನಾನೂ ರಿಟೈರ್ ಆದೆ" ಎಂದು ಬರೆದುಬಿಟ್ಟೆ. ಒಂದೇ ಸಮ ಹೂಗುಚ್ಛದ ಚಿತ್ರಗಳು ಬಂದವು. ಮರುದಿನ ಗಂಗಾಧರ ಫೋನ್ ಮಾಡಿದ. ಮಂಗಳವಾರ ಅವನ ಮನೆಯಲ್ಲಿ ಊಟ, ಗೆಳೆಯರೆಲ್ಲ ಸೇರಿ ನಮ್ಮಿಬ್ಬರಿಗೂ ಶಾಲು ಹೊದಿಸುತ್ತಾರೆ ಎಂದ. ಆ ಶಾಲನ್ನು ತೆಗೆದುಕೊಳ್ಳುವುದೋ, ನಿಜ ಹೇಳುವುದೋ ಎಂಬುದು ತಿಳಿಯದೆಯೇ ನಾನು ಹೊರಟಿದ್ದೆ. ಮೆಟ್ರೋ ಬಿಟ್ಟದ್ದು ಅದಕ್ಕೇ. ಕಾಲು ಗಂಟೆಯಲ್ಲಿ ತೀರ್ಮಾನ ಆಗುವಂಥದ್ದಾಗಿರಲಿಲ್ಲ.

ಎಂಟನೇ ಕ್ರಾಸಿನ ಹತ್ತಿರ ಮೆಜೆಸ್ಟಿಕ್ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹೆಂಗಸರು, ಕೈಯಲ್ಲಿ ಸೊಪ್ಪಿನ ಚೀಲ, ಆಸ್ಪತ್ರೆಯ ಫೈಲು. ಎಲ್ಲರಿಗೂ ಎಲ್ಲಿ ಇಳಿಯಬೇಕೆಂದು ಗೊತ್ತಿತ್ತು. ಖಾಲಿ ಇದ್ದ ಒಂದೇ ಸೀಟಿನಲ್ಲಿ ಕುಳಿತೆ.

"ಸೀನಿಯರ್ರಾ ಸಾರ್? ಆಧಾರ್ ತೋರ್ಸಿ," ಎಂದರು ಕಂಡಕ್ಟರ್.

"ಇಲ್ಲ, ಇನ್ನೂ ಆಗಿಲ್ಲ."

"ಮತ್ತೆ ಅದು ಸೀನಿಯರ್ ಸಿಟಿಜನ್ ಸೀಟು. ಯಾರಾದ್ರೂ ಹತ್ತಿದ್ರೆ ಎದ್ದುಬಿಡಿ."

ಹನ್ನೆರಡು ರೂಪಾಯಿ ಕೊಟ್ಟು, ಯಾರಾದರೂ ಹತ್ತುತ್ತಾರೇನೋ ಎಂದು ಬಾಗಿಲನ್ನೇ ನೋಡುತ್ತಾ ಅರ್ಧ ಕುಳಿತು ಅರ್ಧ ಎದ್ದು ಮೆಜೆಸ್ಟಿಕ್ ತಲುಪಿದೆ. ಕೆಲಸದಲ್ಲಿ ಇರುವವನಲ್ಲ, ಹಿರಿಯ ನಾಗರಿಕನೂ ಅಲ್ಲ. ಇಂಥವನಿಗೆ ಬಸ್ಸಿನಲ್ಲಿ ಯಾವ ಸೀಟು ಎಂದು ಎಲ್ಲೂ ಬರೆದಿರಲಿಲ್ಲ.

ಮೆಜೆಸ್ಟಿಕ್‌ನಿಂದ ಬಸವನಗುಡಿಗೆ ಬಸ್ಸು ಬೇಕಾದಷ್ಟಿವೆ. ಕಾಲು ಮಾತ್ರ ತಾನಾಗಿಯೇ ಕಾಟನ್‌ಪೇಟೆಯ ಕಡೆ ತಿರುಗಿತು. ಬಿಸಿಲು ನೆತ್ತಿಯ ಮೇಲಿತ್ತು. ನಾವು ಓದಿದ ಶಾಲೆಯ ಮುಂದೆ ಒಂದು ಗಳಿಗೆ ನಿಂತೆ. ಒಳಗೆ ಮಗ್ಗಿ ಹೇಳುವ ಸದ್ದಿಲ್ಲ, ರಜೆ ಶುರುವಾಗಿತ್ತು. ನಿಜವಾದ ರಜೆ. ಅದರ ಮುಂದೆಯೇ ಒಂದು ಲಾರಿ ಆಫೀಸು, ಬೇರೆ ಊರುಗಳಿಗೆ ಬಟ್ಟೆ ಮೂಟೆ ಕಳಿಸುವ ಜಾಗ. ನೆರಳಿಗೆಂದು ಅಲ್ಲಿ ನಿಂತೆ. ಫುಟ್‌ಪಾತಿನ ಮೇಲೆ ಮೂಟೆಗಳನ್ನು ಎರಡು ಸಾಲು ಮಾಡಿದ್ದರು. ಕಣ್ಣು ಅಭ್ಯಾಸಬಲದಿಂದ ವಿಳಾಸ ಓದತೊಡಗಿತು.

ಒಂದು ಮೂಟೆಯ ಮೇಲೆ ಹೊಸಕೋಟೆ ಎಂದಿತ್ತು. ಅದರ ಕೆಳಗಿನ ಪಿನ್ ಕೋಡ್ ಐನೂರ ಎಂಬತ್ತಮೂರರಿಂದ ಶುರುವಾಗಿತ್ತು. ಅದು ಬಳ್ಳಾರಿ ಕಡೆಯದು. ಹೊಸಕೋಟೆಯಾದರೆ ಐನೂರ ಅರವತ್ತೆರಡು ಇರಬೇಕು. ನನಗೇಕೆ ಊರ ಉಸಾಬರಿ ಎಂದು ನಾಲ್ಕು ಹೆಜ್ಜೆ ಮುಂದೆ ಹೋದೆ. ಹೋಗಲಾಗಲಿಲ್ಲ, ವಾಪಸ್ಸು ಬಂದೆ.

"ಇದು ಹೊಸಪೇಟೆಗೆ ಹೋಗೋ ಮೂಟೆ ಇರಬೇಕು, ನೋಡಿ," ಎಂದೆ ಬುಕಿಂಗ್ ಗುಮಾಸ್ತರಿಗೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಫೋನಿನಲ್ಲಿ ಅಂಗಡಿಯವರನ್ನು ಕೇಳಿದರು. ಫೋನಿಟ್ಟು ಹಣೆ ಚಚ್ಚಿಕೊಂಡರು.

"ಹೌದು ಸಾರ್, ಹೊಸಪೇಟೆನೇ. ಅಲ್ಲಿ ಮದ್ವೆ ಸೀರೆ ಕಾಯ್ತಿದಾರಂತೆ, ಇಲ್ಲಿ ಹೊಸಕೋಟೆ ಲಾರಿಗೆ ಏರಿಸ್ತಿದ್ವಿ. ನೀವೆಲ್ಲಿ ಕೆಲ್ಸದಲ್ಲಿ?"

"ಡಿಸ್ಪ್ಯಾಚಲ್ಲಿದ್ದೆ."

"ರಿಟೈರ್ಡಾ?"

"ಇಲ್ಲ. ತೆಗೆದ್ಬಿಟ್ರು."

ಪದ್ಮಳ ಹೊರತು ಯಾರಿಗೂ ಹೇಳದ ಮಾತು, ಹೆಸರೂ ಗೊತ್ತಿಲ್ಲದ ಮನುಷ್ಯನ ಎದುರು ಬಿದ್ದುಹೋಯಿತು. ನೆಲ ಬಿರಿಯಲಿಲ್ಲ. ಅವರು "ಹಂಗಾ?" ಎಂದು, ಮೂಟೆಯ ಮೇಲಿನ "ಕೋಟೆ" ಹೊಡೆದು "ಪೇಟೆ" ಬರೆದು, ನನಗೊಂದು ಟೀ ತರಿಸಿದರು. ಕುಡಿದು ಎದ್ದೆ. ಆಗಲೂ ಬರ್ತೀನಿ ಎನ್ನಲಿಲ್ಲ, ಕೈ ಎತ್ತಿದೆ ಅಷ್ಟೆ. ಚಾಮರಾಜಪೇಟೆಯ ತನಕ ಖುಷಿಯಾಗಿಯೇ ನಡೆದೆ. ಐದನೇ ಮುಖ್ಯರಸ್ತೆಯಲ್ಲಿ ಏಲಕ್ಕಿ ಬಾಳೆಹಣ್ಣು ಕೊಂಡೆ. ಹಣ್ಣಿನವಳು ಚೀಲ ಕೊಡುವಷ್ಟರಲ್ಲಿ ಖುಷಿ ಹೋಗಿತ್ತು. ನನಗೆ ಈ ಕೆಲಸ ಇನ್ನೂ ಬರುತ್ತದೆ, ಅದಕ್ಕೆ ಖುಷಿಪಡಬೇಕೋ ದುಃಖಪಡಬೇಕೋ?

ಗಂಗಾಧರನ ಮನೆ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ. ಮುಟ್ಟಿದಾಗ ಹನ್ನೆರಡೂಮುಕ್ಕಾಲು. ಗೆಳೆಯರು ಆರು ಜನ ಆಗಲೇ ಬಂದಿದ್ದರು. ಅವನ ಹೆಂಡತಿ ಸುಮಿತ್ರ ನೀರು ಮಜ್ಜಿಗೆ ಕೊಟ್ಟರು. ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಬೇಳೆ ಹೋಳಿಗೆ. ಎರಡು ಹೋಳಿಗೆ ತಿಂದೆ, ರುಚಿ ನೆನಪಿಲ್ಲ. ಗೋಡೆಯ ಪಕ್ಕ ಗಾಜು ಹಾಕಿಸಿದ ಎರಡು ಸನ್ಮಾನ ಪತ್ರದ ಚೌಕಟ್ಟು ಇದ್ದವು, ಒಂದರಲ್ಲಿ ನನ್ನ ಹೆಸರು ಕಾಣುತ್ತಿತ್ತು.

ಊಟವಾದ ಮೇಲೆ ಮೊದಲು ಗಂಗಾಧರನಿಗೆ ಶಾಲು ಹೊದಿಸಿದರು. ನನ್ನ ಸರದಿ ಬಂತು. ಗಂಗಾಧರ ನನ್ನ ಶಾಲು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ನಿಂತ. ಗೆಳೆಯ ರಾಜಣ್ಣ ಚೌಕಟ್ಟು ಎತ್ತಿ ಗಂಟಲು ಸರಿಮಾಡಿಕೊಂಡು ಓದತೊಡಗಿದ: "ಮೂವತ್ತೊಂದು ವರ್ಷಗಳ ಸಾರ್ಥಕ ಸೇವೆಯ ನಂತರ ವಯೋನಿವೃತ್ತಿ ಹೊಂದಿದ..."

"ರಾಜಣ್ಣ, ನಿಲ್ಸು," ಎಂದೆ. "ನಾನು ರಿಟೈರ್ ಆಗಿಲ್ಲ. ಇನ್ನೂ ಹತ್ತು ತಿಂಗಳಿತ್ತು, ಕೆಲಸದಿಂದ ತೆಗೆದ್ರು."

ಗಂಗಾಧರ ಶಾಲು ಹಿಡಿದೇ ಇದ್ದ.

"ಮತ್ತೆ ಗ್ರೂಪಲ್ಲಿ ಹಾಕಿದ್ದು?"

"ಸುಳ್ಳು. ತೆಗೆದ್ರು ಅಂತಾನೇ ಟೈಪ್ ಮಾಡಿದ್ದೆ ಕಣೋ. ಅಳಿಸ್ಬಿಟ್ಟೆ."

"ಹತ್ತು ತಿಂಗಳು ತಾನೇ ಉಳಿದಿದ್ದು," ಎಂದ ರಾಜಣ್ಣ, ಸಮಾಧಾನದ ದನಿಯಲ್ಲಿ. "ಹೆಚ್ಚು ಕಮ್ಮಿ ಎರಡೂ ಒಂದೇ ಬಿಡು ಮಗಾ."

ಎರಡು ತಿಂಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ. ಆದರೂ ಮೈ ಉರಿದುಹೋಯಿತು.

"ಹೊಸಕೋಟೆ, ಹೊಸಪೇಟೆ ಹೆಚ್ಚು ಕಮ್ಮಿ ಒಂದೇ ಏನೋ? ಮೂಟೆ ಎಲ್ಲಿಗೆ ಹೋಗತ್ತೆ ಗೊತ್ತಾ?" ಎಂದು ಕೂಗಿದೆ.

ಯಾರಿಗೂ ಏನೂ ಅರ್ಥವಾಗಲಿಲ್ಲ. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು.

"ಕೈ ನೋಯ್ತಿದೆ ಕಣೋ," ಎಂದ ಗಂಗಾಧರ. "ಹೊದಿಸ್ಲಾ, ಮಡಚ್ಲಾ? ಏನಾದ್ರೂ ಒಂದು ಹೇಳು."

"ಗೊತ್ತಾಗ್ತಿಲ್ಲ."

ಅವನು ಶಾಲನ್ನು ನನ್ನ ಹೆಗಲಿಗೆ ಹಾಕಿದ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ತಿಳಿಯದೆ ಇಬ್ಬರು ತಟ್ಟಿ ನಿಲ್ಲಿಸಿದರು. ರಾಜಣ್ಣ ಚೌಕಟ್ಟನ್ನು ತಿದ್ದಿಸಿ ಕೊಡುತ್ತೇನೆ ಎಂದ. ಏನೆಂದು ತಿದ್ದಿಸುತ್ತೀಯ ಎಂದು ಸುಮಿತ್ರ ಕೇಳಿದರು. ಅಷ್ಟರಲ್ಲಿ ಕಾಫಿ ಬಂತು.

ನಾಲ್ಕು ಗಂಟೆಗೆ ಎದ್ದೆ. ಉಳಿದವರು ಒಳಗೇ ಇದ್ದರು, ಗಂಗಾಧರ ಗೇಟಿನ ತನಕ ಬಂದ. ಮುಖ ಇನ್ನೂ ಬಿಗಿದಿತ್ತು. "ನನ್ನ ಹತ್ರ ಸುಳ್ಳು ಹೇಳ್ಬೇಕಿತ್ತಾ?" ಎಂದ. ಬಿಸಿಲಲ್ಲಿ ಶಾಲು ಕುತ್ತಿಗೆಗೆ ಚುಚ್ಚುತ್ತಿತ್ತು. ಚಪ್ಪಲಿ ಮೆಟ್ಟಿ ಮುಗಿಯಿತು. ಇನ್ನು ಆ ಮಾತನ್ನು ಹೇಳಲೇಬೇಕಿತ್ತು, ಇಂಥ ಗೆಳೆಯನ ಗೇಟಿನಿಂದ ಮೂಗನಂತೆ ಹೇಗೆ ಹೋಗುವುದು?

"ಬರ್ತೀನಿ ಕಣೋ," ಎಂದೆ.

"ಹೂಂ, ಬಾ," ಎಂದ. ಹತ್ತು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಕೂಗಿದ. "ಲೇ, ನಾಳೆ ಬಾರೋ. ಹನ್ನೊಂದಕ್ಕೆ."

ತಿರುಗಿ ನೋಡಿದೆ. ಅವನೂ ಇನ್ನೂ ತನ್ನ ಶಾಲು ಹೊದ್ದೇ ನಿಂತಿದ್ದ.

"ನಾಳೆ ಏನಿದೆ?"

"ಏನೂ ಇಲ್ಲ," ಎಂದ ಗಂಗಾಧರ. "ಅದಕ್ಕೇ ಬಾ ಅಂದಿದ್ದು."