ಅರಿಶಿನದ ಪೊಟ್ಟಣ ಮತ್ತು ಕೆಂಪು ದೀಪ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಸಾಕು. ನಾನು ಎರಡು ಗಂಟೆ ಮೊದಲೇ ಹೊರಡುತ್ತೇನೆ. ಬಸ್ಸು ಕೆಟ್ಟರೆ? ರೈಲ್ವೆ ಗೇಟು ಹಾಕಿದ್ದರೆ? ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಇಳಿದು ಮನೆಗೆ ವಾಪಸು ಓಡಬೇಕಾಗಿ ಬಂದರೆ? ಈ ಕೊನೆಯದು ಎರಡು ಸಲ ಆಗಿದೆ. ಎರಡು ಸಲವೂ ಗ್ಯಾಸ್ ಆಫ್ ಆಗಿಯೇ ಇತ್ತು. ಹಾಗಾಗಿ ದಿನವೂ ಅಂಗಡಿಯ ಶಟರ್ ಏಳುವ ಮೊದಲೇ ನಾನು ಅದರ ಮುಂದೆ ನಿಂತಿರುತ್ತೇನೆ. ಸೆಕ್ಯುರಿಟಿಯವರು, "ಇಲ್ಲೇ ಮಲ್ಕೊಂಡಿದ್ರಾ ಮೇಡಂ?" ಎನ್ನುತ್ತಾರೆ.

ಅಂಗಡಿ ಎಂದರೆ ದೊಡ್ಡ ದಿನಸಿ ಸೂಪರ್‌ಮಾರ್ಕೆಟ್ಟು. ನನ್ನ ಕೆಲಸ ಅಲ್ಲಿ ನಾಲ್ಕು ಮಿಷನ್‌ಗಳನ್ನು ಕಾಯುವುದು. ಗಿರಾಕಿಗಳು ತಾವೇ ಸಾಮಾನನ್ನು ಮಿಷನ್ನಿಗೆ ತೋರಿಸಬೇಕು, ಪಕ್ಕದ ತಟ್ಟೆಯ ಮೇಲೆ ಇಡಬೇಕು, ದುಡ್ಡು ಕಟ್ಟಿ ಹೋಗಬೇಕು. ತಟ್ಟೆಯ ಅಡಿಯಲ್ಲಿ ತೂಕದ ಯಂತ್ರ ಇದೆ. ತೋರಿಸಿದ ಸಾಮಾನು ತಟ್ಟೆಯಿಂದ ಮೇಲೆದ್ದಿತೋ, ಕಂಬದ ತುದಿಯಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ. "ದಯವಿಟ್ಟು ಸಹಾಯಕರು ಬರುವವರೆಗೆ ಕಾಯಿರಿ" ಎಂದು ಒಂದು ಹೆಣ್ಣುದನಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ, ಹೇಳತೊಡಗುತ್ತದೆ. ಆ ಸಹಾಯಕರು ನಾನು. ಕೊರಳಲ್ಲಿ ನೇತಾಡುವ ಕಾರ್ಡನ್ನು ಪರದೆಗೆ ಹಿಡಿದು, ಆ ಸಾಮಾನನ್ನು ನನ್ನ ಕೈಯಿಂದ ಎತ್ತಿ ನೋಡಿ, ತಿರುಗಿ ತಟ್ಟೆಯ ಮೇಲಿಟ್ಟರೆ ದೀಪ ಹಸಿರಾಗುತ್ತದೆ. ನಿಯಮ ಅದು.

ಇದಕ್ಕೆ ಮೊದಲು ನಾನು ಮಾಮೂಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದೆ. ಅಲ್ಲಿಂದ ಇಲ್ಲಿಗೆ ಬಂದದ್ದು ಮದುವೆ ಸಾಮಾನಿನ ದೆಸೆಯಿಂದ. ಮೊದಲೆಲ್ಲ ಮದುವೆಯ ಚೀಟಿ ಹಿಡಿದು ಜನ ಗಾಂಧಿ ಬಜಾರಿನ ಹೋಲ್‌ಸೇಲ್ ಅಂಗಡಿಗಳಿಗೇ ಹೋಗುತ್ತಿದ್ದರು. ಈಗ ಪಾರ್ಕಿಂಗ್ ಇದೆ, ಏಸಿ ಇದೆ ಎಂದು ನಮ್ಮಲ್ಲಿಗೂ ಬರುತ್ತಾರೆ. ಆ ಚೀಟಿಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತದೆ. ಮೊದಲ ಸಾಲಿನಲ್ಲಿ ಅರಿಶಿನ ಎಂದೇ ಬರೆದಿರುತ್ತದೆ. ಅದನ್ನು ಮೊದಲು ಕೊಳ್ಳಬೇಕು, ಮುತ್ತೈದೆಯ ಕೈಯಿಂದ ಬರಬೇಕು. ನನ್ನ ಯಜಮಾನರು ಹೋಗಿ ಎಂಟು ವರ್ಷ.

ನೋಡಿದರೆ ಯಾರಿಗೂ ಗೊತ್ತಾಗುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಹಣೆಗೆ ವಿಭೂತಿ ಎಲ್ಲರೂ ಹಚ್ಚುತ್ತಾರೆ. ಕಾಲುಂಗುರ ಹುಡುಕೋಣವೆಂದರೆ ಕಂಪನಿ ಕೊಟ್ಟ ಕಪ್ಪು ಬೂಟು ಅಡ್ಡ. ಕೊರಳಲ್ಲಿ ಏನಿದೆ ನೋಡೋಣವೆಂದರೆ ಕಾರ್ಡಿನ ದಾರ. ಆದರೂ ನಮ್ಮ ಜನ ಪತ್ತೆ ಮಾಡಿಯೇ ಮಾಡುತ್ತಾರೆ. "ಯಜಮಾನ್ರಿಗೆ ಎಲ್ಲಮ್ಮಾ ಕೆಲ್ಸ?" ಎಂದು ಬಹಳ ಪ್ರೀತಿಯಿಂದ ಕೇಳುತ್ತಾರೆ. ನನಗೆ ಸುಳ್ಳು ಹೇಳಲು ಧೈರ್ಯವಿಲ್ಲ, ಸಿಕ್ಕಿಬಿದ್ದರೆ ಎಂಬ ಚಿಂತೆ. ಹೇಳಿಬಿಡುತ್ತೇನೆ. ಅವರು "ಅಯ್ಯೋ ಪಾಪ" ಎಂದು ಪಕ್ಕದ ಕೌಂಟರಿನ ಸಾಲಿಗೆ ಸರಿದು ನಿಲ್ಲುತ್ತಾರೆ. ನಮ್ಮವರಲ್ಲಿ ಇಂಥದ್ದೆಲ್ಲ ಇಲ್ಲವೆಂದು ಮಠದ ಸಭೆಗಳಲ್ಲಿ ವಚನ ಓದಿ ಹೇಳುವುದನ್ನು ನಾನೂ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ.

ಒಂದು ಬೇಸಗೆಯಲ್ಲಿ ಮ್ಯಾನೇಜರ್ ಕರೆದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ನೆಲ ನೋಡಿಕೊಂಡೇ ಮಾತಾಡಿದರು. "ಮೇಡಂ, ನಿಮ್ಮನ್ನ ಹೊಸ ಮಿಷನ್‌ಗೆ ಹಾಕ್ತಿದೀವಿ. ಪ್ರಮೋಷನ್ ಅಂದ್ಕೊಳ್ಳಿ. ಅಲ್ಲಿ ನೀವು ಯಾರ ಕೈಗೂ ಏನೂ ಕೊಡೋ ಹಾಗಿರಲ್ಲ. ಅವರ ಕೈ, ಅವರ ಸಾಮಾನು. ನಿಮಗೂ ಬೇಜಾರಿಲ್ಲ, ನಮಗೂ ಬೇಜಾರಿಲ್ಲ."

ನನಗೆ ಬಡ್ತಿ ಸಿಕ್ಕಿತೆಂದು ಮಗಳಿಗೆ ಹೇಳಿ ಅರ್ಧ ಕೆಜಿ ಮೈಸೂರುಪಾಕು ಒಯ್ದೆ. ಸಂಬಳ ಮೊದಲಿನಷ್ಟೇ ಇತ್ತು.

ಮಿಷನ್ ಮಾಡಿದವರಿಗಾಗಲಿ ಮ್ಯಾನೇಜರಿಗಾಗಲಿ ಒಂದು ವಿಷಯ ಹೊಳೆದಿರಲಿಲ್ಲ. ನಮ್ಮ ಹೆಂಗಸರು ಮದುವೆಯ ಅರಿಶಿನವನ್ನು ಕೊಂಡ ಕೂಡಲೇ ಏನು ಮಾಡುತ್ತಾರೆ? ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಪೊಟ್ಟಣವನ್ನು ಮಿಷನ್ನಿಗೆ ತೋರಿಸಿ ತಟ್ಟೆಯ ಮೇಲಿಡುತ್ತಾರೆ, ತಕ್ಷಣ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತಟ್ಟೆ ಖಾಲಿ. ಕೆಂಪು ದೀಪ. "ದಯವಿಟ್ಟು ಸಹಾಯಕರು ಬರುವವರೆಗೆ ಕಾಯಿರಿ." ಅಕ್ಕಿ ಬೇಳೆಗೆ ಸುಮ್ಮನಿರುವ ಮಿಷನ್ನು ಅರಿಶಿನಕ್ಕೇ ಸರಿಯಾಗಿ ನನ್ನನ್ನು ಕರೆಯುತ್ತಿತ್ತು. ಕೌಂಟರಿನಲ್ಲಾದರೆ ಜನ ದೂರ ಹೋಗಬಹುದಿತ್ತು. ಇಲ್ಲಿ ನಾನೇ ಅವರ ಬಳಿಗೆ ನಡೆದು ಹೋಗಬೇಕು.

ಒಮ್ಮೆ ಜರಿ ಸೀರೆಯ ಹೆಂಗಸೊಬ್ಬರು, ಎಲ್ಲೋ ನನ್ನನ್ನು ಬಲ್ಲವರಿರಬೇಕು, ನಾನು ಹತ್ತಿರ ಹೋಗುವಷ್ಟರಲ್ಲಿ ಪೊಟ್ಟಣದ ಮೇಲೆ ಅಂಗೈ ಮುಚ್ಚಿದರು.

"ಬೇರೆ ಯಾರೂ ಇಲ್ವೇನಮ್ಮಾ?"

"ಮಿಷನ್‌ಗೆ ನನ್ನ ಕಾರ್ಡೇ ಬೇಕು ಮೇಡಂ."

"ಕಾರ್ಡ್ ಕೊಡಿ, ನಾನೇ ಹಿಡೀತೀನಿ. ತಪ್ಪು ತಿಳ್ಕೋಬೇಡಿ ಮತ್ತೆ, ಹುಡುಗಿ ಮದ್ವೆ ನೋಡಿ."

ನಾನು ಕಾರ್ಡು ಬಿಚ್ಚಿ ಕೊಟ್ಟು ನಕ್ಕೆ. ಸಂಜೆ ಮಗಳ ಮುಂದೆ ಆ ಹೆಂಗಸಿನ ಹಾಗೆ ಅಂಗೈ ಮುಚ್ಚಿ, ಕಣ್ಣು ದೊಡ್ಡದು ಮಾಡಿ ತೋರಿಸಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಮಗಳು ನಗು ನಿಲ್ಲಿಸಿ, "ಕಾರ್ಡ್ ಯಾಕಮ್ಮ ಕೊಟ್ಟೆ?" ಎಂದಳು. ನಾನು ಕುಕ್ಕರ್ ಕೂಗಿತೆಂದು ಒಳಗೆ ಹೋದೆ.

ಮಗಳು ಭದ್ರಾವತಿಯಲ್ಲೇ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಆಯನೂರಿನ ಸಂಬಂಧ ಕೂಡಿಬಂತು. ಹುಡುಗನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಮಾತುಕತೆ ಮುಗಿದ ದಿನವೇ ಅವಳು ಹೇಳಿಬಿಟ್ಟಳು: "ಸಾಮಾನು ನಿನ್ನ ಅಂಗಡೀಲೇ ತರೋದು. ಮೊದಲ್ನೇ ಅರಿಶಿನದ ಪೊಟ್ಟಣ ನಿನ್ನ ಕೈಯಿಂದ್ಲೇ ತಟ್ಟೆಗೆ ಹಾಕ್ಬೇಕು. ನನಗೆ ಬೇರೆ ಯಾರ ಕೈದೂ ಬೇಡ."

"ಆಯ್ತು ಬಿಡೆ, ಅದೇನ್ ಮಹಾ" ಎಂದೆ. ಅವಳು ಹಟ ಮಾಡಿ ತನ್ನ ಅಂಗೈ ಮೇಲೆ ನನ್ನ ಕೈ ಹೊಡೆಸಿಕೊಂಡು ಮಾತು ತೆಗೆದುಕೊಂಡಳು.

ಅಂದಿನಿಂದ ಗ್ಯಾಸಿನ ಚಿಂತೆ ಬಿಟ್ಟಿತು. ಅದಕ್ಕಿಂತ ದೊಡ್ಡದು ಸಿಕ್ಕಿತ್ತಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ಇದ್ದದ್ದೂ ಇಲ್ಲ. ಆದರೆ ನಾಳೆ ಅಳಿಯನ ಅಂಗಡಿಗೆ ಏನಾದರೂ ಆದರೆ? ಬೈಕಿನಲ್ಲಿ ಬರುವಾಗ ಲಾರಿ ಅಡ್ಡ ಬಂದರೆ? ಬೀಗರು ಏನೂ ಅನ್ನಲಿಕ್ಕಿಲ್ಲ, ಒಳ್ಳೆಯ ಜನ. ಅನ್ನುವವಳು ನಾನೇ. ಬದುಕಿರುವವರೆಗೂ ಅನ್ನುತ್ತಿರುತ್ತೇನೆ.

ಸಾಮಾನು ತರುವ ದಿನ ಬಂತು. ಮಗಳು ಬಂದಳು, ಜೊತೆಗೆ ನನ್ನ ಅಣ್ಣನ ಹೆಂಡತಿ. ಅತ್ತಿಗೆಯೇ ತಡೆಯುತ್ತಾರೆ, ಆ ನೆಪದಲ್ಲಿ ಪಾರಾಗುತ್ತೇನೆ ಎಂದು ನಾನು ಒಳಗೊಳಗೇ ನೆಚ್ಚಿಕೊಂಡಿದ್ದೆ. ಅವರ ಜೊತೆ ತೋರಿಕೆಗೆ ಆಡುವ ಜಗಳವನ್ನೂ ತಯಾರಿ ಮಾಡಿಟ್ಟಿದ್ದೆ. ಮಗಳು ಗಾಡಿಯಿಂದ ಅರಿಶಿನದ ಪೊಟ್ಟಣ ಎತ್ತಿ ನನ್ನತ್ತ ಚಾಚಿದಳು.

"ಹಾಕಮ್ಮ."

ನಾನು ಅತ್ತಿಗೆಯ ಮುಖ ನೋಡಿದೆ.

"ನನ್ನನ್ಯಾಕೆ ನೋಡ್ತೀಯ ಮಾರಾಯ್ತಿ? ಹೆತ್ತೋಳು ನೀನು. ಹಾಕು" ಎಂದರು ಅತ್ತಿಗೆ.

ತಡೆಯುವವರು ಯಾರೂ ಇರಲಿಲ್ಲ. ನನ್ನ ಕೈ ಎರಡೂ ಬೆನ್ನ ಹಿಂದೆ ಹೋಗಿದ್ದವು. "ಡ್ಯೂಟೀಲಿದೀನಿ ಕಣೆ, ಸ್ಟಾಫು ಗಿರಾಕಿ ಸಾಮಾನು ಮುಟ್ಟೋ ಹಾಗಿಲ್ಲ. ನೀನೇ ತೋರ್ಸು" ಎಂದೆ.

ಮಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಪೊಟ್ಟಣವನ್ನು ಮಿಷನ್ನಿಗೆ ತೋರಿಸಿ ತಟ್ಟೆಯ ಮೇಲಿಟ್ಟಳು. ಆಮೇಲೆ, ನನ್ನನ್ನೇ ದಿಟ್ಟಿಸಿ ನೋಡುತ್ತ, ನಿಧಾನವಾಗಿ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಇಂಥ ಕಥೆಗಳನ್ನೆಲ್ಲ ಅವಳಿಗೆ ಹೇಳಿದ್ದವಳು ನಾನೇ. ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೆಂಪು ದೀಪ. "ದಯವಿಟ್ಟು ಸಹಾಯಕರು ಬರುವವರೆಗೆ ಕಾಯಿರಿ."

ಮಗಳು ಪೊಟ್ಟಣವನ್ನು ತಟ್ಟೆಯ ಮೇಲಿಟ್ಟು, ಕೈಕಟ್ಟಿ ಕಾದಳು. ಮಿಷನ್ನು ಅದನ್ನೇ ಮತ್ತೊಮ್ಮೆ ಹೇಳಿತು, ಮಗದೊಮ್ಮೆ ಹೇಳಿತು. ಹಿಂದಿನ ಸಾಲಿನಿಂದ ಯಾರೋ, "ಯಾರ್ರೀ ಇಲ್ಲಿ ಸ್ಟಾಫು?" ಎಂದರು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಕಾರ್ಡು ಎದೆಯ ಮೇಲೇ ಇತ್ತು.

ಮೂರನೇ ಕೌಂಟರಿನಲ್ಲಿ ರಾಗಿಗುಡ್ಡದ ಹುಡುಗಿಯೊಬ್ಬಳಿದ್ದಾಳೆ, ಮದುವೆಯಾಗಿ ಆರು ತಿಂಗಳಾಗಿತ್ತು. ಅವಳನ್ನು ಕೂಗಿದೆ. "ಒಂದ್ ನಿಮಿಷ ಬಾರೆ, ನನ್ನ ಕಾರ್ಡ್ ಹಿಡೀತಾ ಇಲ್ಲ."

ಅವಳು ಬಂದು ನನ್ನ ಕಾರ್ಡನ್ನೇ ತೆಗೆದುಕೊಂಡು ಹಿಡಿದಳು. ಹಿಡಿಯಿತು. ಪೊಟ್ಟಣವನ್ನು ಎತ್ತಿ ನೋಡಿ ಇಟ್ಟಳು. ಹಸಿರಾಯಿತು. "ಚೆನ್ನಾಗಿದೆಯಲ್ಲಕ್ಕಾ ಕಾರ್ಡು" ಎಂದು ನನ್ನ ಕೊರಳಿಗೆ ತಿರುಗಿ ಹಾಕಿ ಹೋದಳು. ಅತ್ತಿಗೆ ಬೇಳೆ ಪೊಟ್ಟಣಗಳನ್ನು ಎಣಿಸತೊಡಗಿದರು, ಎಣಿಸಿದ್ದನ್ನೇ ಮತ್ತೆ ಎಣಿಸಿದರು. ಮಗಳು ನನ್ನ ಕಡೆ ತಿರುಗಲಿಲ್ಲ. ಚೀಲ ಎತ್ತಿಕೊಂಡು ಹೊರಡುವಾಗ, "ಆ ಜರಿ ಸೀರೆಯವಳನ್ನ ಸುಮ್ನೆ ಆಡ್ಕೊಂಡ್ವಿ" ಎಂದಳು.

ಮದುವೆ ಚೆನ್ನಾಗಿಯೇ ಆಯಿತು. ಅಳಿಯನ ಅಂಗಡಿಯೂ ನಡೆಯುತ್ತಿದೆ. ನಾನು ಏನೂ ಮುಟ್ಟದಿದ್ದದ್ದಕ್ಕೇ ಇದೆಲ್ಲ ಸರಿಯಾಗಿದೆ ಎಂದು ಒಮ್ಮೊಮ್ಮೆ ಸಮಾಧಾನವಾಗುತ್ತದೆ. ಆ ಸಮಾಧಾನದ ಬಗ್ಗೆ ಅಸಹ್ಯವೂ ಆಗುತ್ತದೆ. ಮಗಳು ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆಯಿತೇ, ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳುತ್ತಾಳೆ. ಅಂಗಡಿಯ ಕಥೆ ಹೇಳು ಎಂದು ಮೊದಲಿನ ಹಾಗೆ ಕೇಳುವುದಿಲ್ಲ.

ಈಗಲೂ ಮದುವೆಯ ಚೀಟಿ ಹಿಡಿದವರು ಬರುತ್ತಾರೆ, ಅರಿಶಿನವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ, ಕೆಂಪು ದೀಪ ಹತ್ತುತ್ತದೆ. ಯಾರಿಗೂ ಯಜಮಾನರ ಬಗ್ಗೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನಾನು ಕೊರಳಿನಿಂದ ಕಾರ್ಡು ಬಿಚ್ಚಿ ಮೂರನೇ ಕೌಂಟರಿನ ಕಡೆ ನಡೆದಿರುತ್ತೇನೆ.