ಆ ಸೋಮವಾರ ಶಿವ ನನಗೆ ದರ್ಶನ ಕೊಡಲಿಲ್ಲ

ಶಿವನನ್ನು ನಂಬಿದ ಎಲ್ಲರಿಗೂ ಬೆಂಗಳೂರಿನ ಶ್ರೀನಗರದ ಶಾಂತಾಳ ನಮಸ್ಕಾರ. ನನಗೆ ಬರೆದು ಅಭ್ಯಾಸವಿಲ್ಲ. ಆದರೆ ನಮ್ಮತ್ತೆ ಬದುಕಿ ಬಂದದ್ದನ್ನು ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡರೆ ತಪ್ಪಾದೀತು ಅಂತ ಕೂತಿದ್ದೇನೆ.

ಕಳೆದ ಕಾರ್ತಿಕದಲ್ಲಿ ಅತ್ತೆಗೆ ಆಗಾಗ ತಲೆನೋವು ಶುರುವಾಯಿತು. ಸ್ನಾನ ಮುಗಿಸಿ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. "ಸ್ವಲ್ಪ ತಲೆ ಸುತ್ತಿದ ಹಾಗಾಯ್ತಮ್ಮ, ಅಷ್ಟೇ" ಅನ್ನುತ್ತಿದ್ದರು. ಎಂಬತ್ತು ದಾಟಿದ ಜೀವ, ಬಿಪಿ ಇರಬೇಕು ಅಂದುಕೊಂಡೆವು. ಮಾತ್ರೆಯೂ ಬದಲಾಯಿತು. ಕಾಫಿ ಕುಡಿದು ಕೂತರೆ ಸರಿಹೋಗುತ್ತಿದ್ದರು, ಮತ್ತೆ ಸ್ನಾನಕ್ಕೆ ಹೋದರೆ ಅದೇ ಕಥೆ. ನನಗೆ ಒಳಗೊಳಗೇ ಭಯ. ಹೇಳಿದರೆ "ನೀನು ಸುಮ್ಮನೆ ಹೆದರ್ತೀಯ" ಅಂತ ನಮ್ಮ ಮನೆಯವರು ನಗುತ್ತಿದ್ದರು.

ಆ ಸೋಮವಾರ ಮನೆಯವರು ವಿಲ್ಸನ್ ಗಾರ್ಡನ್ನಿನ ತಮ್ಮ ಅಂಗಡಿಗೆ ಹೊರಟ ಮೇಲೆ ಅತ್ತೆ ಸ್ನಾನಕ್ಕೆ ಹೋದರು. ಅವರಿಗೆ ಮಡಿ ಜಾಸ್ತಿ, ಒಳಗಿಂದ ಚಿಲಕ ಹಾಕದೆ ಸ್ನಾನ ಮಾಡಿದವರಲ್ಲ. "ನೀನು ದೇವಸ್ಥಾನಕ್ಕೆ ಹೋಗಿ ಬಾ, ನಾನೇನು ಮಗುನಾ?" ಅಂದರು. ಬೀದಿ ಕೊನೆಯಲ್ಲೇ ಈಶ್ವರನ ಗುಡಿ. ಕಾರ್ತಿಕ ಸೋಮವಾರ ಹೋದರೆ ಪೂಜೆ, ಮಂಗಳಾರತಿ, ಆಮೇಲೆ ಭಜನೆ, ಎಲ್ಲ ಮುಗಿಸಿಯೇ ನಾನು ಏಳುವುದು.

ಅವತ್ತು ಹೋಗಿ ನೋಡಿದರೆ ಗರ್ಭಗುಡಿಗೆ ಪರದೆ ಎಳೆದಿದ್ದರು. "ಅಲಂಕಾರ ಆಗ್ತಿದೆಯಮ್ಮ, ತಡವಾಗುತ್ತೆ. ಮನೆಗೆ ಹೋಗಿ ಬನ್ನಿ" ಅಂದರು ಅರ್ಚಕರು. ಬೇರೆ ದಿನವಾಗಿದ್ದರೆ ಅಲ್ಲೇ ಕಂಬಕ್ಕೆ ಒರಗಿ ಕೂತಿರುತ್ತಿದ್ದೆ. ಅವತ್ತು ಯಾಕೋ ಸಿಟ್ಟು ಬಂತು. 'ನಾನು ಬಂದಾಗಲೇ ನಿನಗೆ ಪರದೆ ಬೇಕಿತ್ತೇನಪ್ಪಾ' ಅಂತ ಮನಸ್ಸಿನಲ್ಲೇ ಬೈದುಕೊಂಡು, ಬಿಲ್ವಪತ್ರೆಯ ಪೊಟ್ಟಣ ಹಾಗೇ ಹಿಡಿದು ವಾಪಸ್ ಬಂದೆ.

ಮನೆಯೊಳಗೆ ಕಾಲಿಟ್ಟರೆ ಬಚ್ಚಲಲ್ಲಿ ನೀರು ಸುರಿಯುವ ಶಬ್ದ. ಅತ್ತೆ ಅಷ್ಟು ಹೊತ್ತು ನಲ್ಲಿ ಬಿಡುವವರೇ ಅಲ್ಲ. "ಅತ್ತೇ" ಅಂದೆ. ಬಾಗಿಲು ಬಡಿದೆ, ಕೂಗಿದೆ. ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ.

"ನಾಗರಾಜಣ್ಣಾ, ಓಡಿ ಬನ್ನೀ!" ಅಂತ ಮೆಟ್ಟಿಲ ಕೆಳಗಿಂದ ಕಿರುಚಿದೆ. ಮೇಲ್ಮನೆಯಲ್ಲಿ ಬಾಡಿಗೆಗಿರುವ ನಾಗರಾಜಣ್ಣ ಬನಿಯನ್ನಿನಲ್ಲೇ ಇಳಿದು ಬಂದು ಭುಜ ಕೊಟ್ಟು ಗುದ್ದಿದರು. ಚಿಲಕ ಕಿತ್ತು ಬಂತು. ಅತ್ತೆ ಬಕೆಟ್ ಪಕ್ಕದಲ್ಲಿ ಗೋಡೆಗೆ ವಾಲಿಕೊಂಡು ಬಿದ್ದಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಬೆಡ್‌ಶೀಟ್ ಸುತ್ತಿ ಹೊರಗೆ ಎಳೆದುಕೊಂಡೆವು. ಮೂಗಿನ ಹತ್ತಿರ ಬೆರಳಿಟ್ಟರೆ ಉಸಿರಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ನಾಗರಾಜಣ್ಣನ ಕಾರಿನಲ್ಲಿ ಜಯನಗರದ ಆಸ್ಪತ್ರೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ಬಸ್ಸು ಅಡ್ಡ ನಿಂತಿತ್ತು. ಅತ್ತೆಯ ತಲೆ ನನ್ನ ತೊಡೆಯ ಮೇಲೆ. 'ಶಿವಾ, ಕರ್ಕೊಂಡು ಹೋಗ್ಬೇಡ, ಈ ಥರ ಬೇಡ' ಅನ್ನುವುದು ಬಿಟ್ಟು ಬೇರೆ ಮಂತ್ರ ಬಾಯಿಗೆ ಬರಲಿಲ್ಲ.

ಎಮರ್ಜೆನ್ಸಿಯಲ್ಲಿ ಆಕ್ಸಿಜನ್ ಹಾಕಿ, "ಸ್ಟ್ರೋಕ್ ಇರಬಹುದು" ಅಂತ ಸ್ಕ್ಯಾನಿಗೆ ಕಳಿಸಿದರು. ಅಷ್ಟರಲ್ಲಿ ಮನೆಯವರು ಓಡಿಬಂದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವಂತೆ. ಆದರೂ ಅತ್ತೆಗೆ ಎಚ್ಚರವಿಲ್ಲ. ಕಾಯಿಲೆ ಯಾವುದೂಂತ ಗೊತ್ತಿಲ್ಲದೆ ಕಾಯುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಬಾಗಿಲು ತೆರೆದಾಗಲೆಲ್ಲ ನಮ್ಮ ಹೆಸರೇ ಕರೆಯುತ್ತಾರೇನೋ ಅಂತ ಎದ್ದು ನಿಲ್ಲುತ್ತಿದ್ದೆ. ಬೆಳಿಗ್ಗೆ ದೇವರನ್ನು ಬೈದೆನಲ್ಲ, ಅದಕ್ಕೇ ಹೀಗಾಯಿತಾ ಅಂತಲೂ ಅನ್ನಿಸಿತು.

ಆಗ ಇನ್ನೊಬ್ಬ ಡಾಕ್ಟರಮ್ಮ ಬಂದರು. "ಸ್ನಾನ ಮಾಡುವಾಗ ಬಿದ್ರಾ? ಗೀಸರ್ ಯಾವುದು?" ಅಂತ ಕೇಳಿದರು.

"ಗ್ಯಾಸ್ ಗೀಸರ್, ಬಚ್ಚಲಲ್ಲೇ ಇದೆ" ಅಂದೆ.

"ಕಿಟಕಿ?"

ಮನೆಯವರು ನನ್ನ ಮುಖ ನೋಡಿದರು. ಚಳಿಗಾಳಿ ಬರುತ್ತೆ ಅಂತ ಅತ್ತೆ ತಮ್ಮ ಸ್ನಾನದ ಹೊತ್ತಿಗೆ ಆ ಸಣ್ಣ ಕಿಟಕಿಗೆ ಹಳೇ ಟವಲ್ ತುರುಕಿಕೊಳ್ಳುತ್ತಿದ್ದರು. ಅದನ್ನು ಹೇಳಿದೆ. ತಕ್ಷಣ ರಕ್ತ ಪರೀಕ್ಷೆಗೆ ಹೇಳಿದರು, ಅವರ ಅನುಮಾನ ನಿಜವಾಯಿತು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ವಿಷದ ಗಾಳಿ ತುಂಬಿಕೊಳ್ಳುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಅಷ್ಟು ದಿನದ ತಲೆನೋವು, ತಲೆಸುತ್ತು ಎಲ್ಲ ಅದರದ್ದೇ.

"ಇನ್ನು ಸ್ವಲ್ಪ ಹೊತ್ತು ಒಳಗೇ ಇದ್ದಿದ್ರೆ ನಮ್ಮ ಕೈಲಿ ಏನೂ ಇರ್ತಿರ್ಲಿಲ್ಲ. ನೀವು ಮನೇಲೇ ಇದ್ದದ್ದು ಒಳ್ಳೇದಾಯ್ತು" ಅಂದರು.

"ಮನೇಲಿರ್ಲಿಲ್ಲ ಡಾಕ್ಟ್ರೇ. ದೇವಸ್ಥಾನದಲ್ಲಿ ಪರದೆ ಹಾಕಿದ್ರು. ವಾಪಸ್ ಬಂದೆ" ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಗಿ, ಅಲ್ಲೇ ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟೆ. ಅದುವರೆಗೂ ಬಾರದ ಅಳು ಆಗ ಬಂತು.

ಸಂಜೆ ಒಳಗೆ ಕರೆದರು. ಅತ್ತೆ ಕಣ್ಣು ಬಿಟ್ಟಿದ್ದರು. ಮಾಸ್ಕ್ ಪಕ್ಕಕ್ಕೆ ಸರಿಸಿ, ತೊದಲುತ್ತಾ ಮೊದಲು ಕೇಳಿದ್ದೇ, "ನನ್ನನ್ನ ಬಚ್ಚಲಿಂದ ಯಾರೇ ಎತ್ತಿದ್ದು?"

"ನಾನೇ ಅತ್ತೆ, ಬೆಡ್‌ಶೀಟ್ ಸುತ್ತಿದ್ದೆ" ಅಂದೆ. ನಾಗರಾಜಣ್ಣನ ಹೆಸರನ್ನು ಇವತ್ತಿಗೂ ಹೇಳಿಲ್ಲ.

ಗೀಸರ್ ಈಗ ಹೊರಗಿನ ಗೋಡೆಗೆ ಹೋಗಿದೆ. ಕಿಟಕಿ ಸದಾ ತೆರೆದಿರುತ್ತದೆ. ಭಕ್ತಬಂಧುಗಳೇ, ನಿಮ್ಮ ಮನೆಯ ಬಚ್ಚಲನ್ನು ಇವತ್ತೇ ಒಮ್ಮೆ ನೋಡಿ. ಸ್ನಾನದ ಮೇಲೆ ಹಿರಿಯರು ತಲೆನೋವು ಅಂದರೆ ವಯಸ್ಸಾಯಿತು ಅಂತ ತಳ್ಳಿಹಾಕಬೇಡಿ. ಕೇಳಿದ್ದನ್ನು ಕೊಟ್ಟಾಗ ಮಾತ್ರ ದೇವರು ಒಲಿದ ಅಂದುಕೊಂಡಿದ್ದವಳು ನಾನು. ಕೊಡದೆ ಕಳಿಸಿಯೂ ಆತ ಕಾಯುತ್ತಾನೆ ಅನ್ನುವುದನ್ನು ಕಣ್ಣಾರೆ ಕಂಡೆ. ಆತನ ಪಾದಕ್ಕೆ ಎಷ್ಟು ಸಲ ಹಣೆ ಹಚ್ಚಿದರೂ ಸಾಲದು.

ಅತ್ತೆ ಈಗ ಚಿಲಕ ಹಾಕುವುದಿಲ್ಲ. ಒಳಗೆ ನೀರು ಸುರಿದುಕೊಳ್ಳುತ್ತಾ ಪಂಚಾಕ್ಷರಿ ಹೇಳುತ್ತಿರುತ್ತಾರೆ, ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿರುತ್ತೇನೆ. ದನಿ ನಿಂತರೆ ಸಾಕು, "ಅತ್ತೇ?" ಅಂತ ಕೂಗಿಬಿಡುತ್ತೇನೆ.

"ಇದ್ದೀನಮ್ಮಾ, ಇದ್ದೀನಿ! ಬೆನ್ನು ಉಜ್ಜಿಕೊಳ್ಳೋಕೂ ಬಿಡಲ್ವಲ್ಲೇ ನೀನು!"