ಹಳೆಯ ಸ್ಪೀಕರೇ ಬೇಕೆಂದ ಅಜ್ಜ

ಚಳ್ಳಕೆರೆಯಲ್ಲಿ ನಾನು ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲ. ದನ ಕಾಯುವ ಅಜ್ಜನೊಬ್ಬ ಸದ್ದೇ ಬಾರದ ರೇಡಿಯೋ ತಂದ. ಒಳಗೆ ತಂತಿ ಬಿಟ್ಟಿತ್ತು, ಸ್ಪೀಕರೂ ಹರಿದಿತ್ತು. ಸರಿಯಾದ ಅಳತೆಯ ಹೊಸ ಸ್ಪೀಕರ್ ಹುಡುಕಿ ಹಾಕಿದೆ. ದನಿ ಸ್ವಚ್ಛವಾಗಿ ಬಂತು. ಅಜ್ಜನ ಮುಖ ಮಾತ್ರ ಸಣ್ಣದಾಯಿತು.

“ಇದು ಬ್ಯಾಡಪ್ಪ, ಹಳೇದೇ ಹಾಕು.”

“ಅದು ಗೊರಗೊರ ಅಂತೈತಲ್ರಿ ಅಜ್ಜ!”

“ಸಂಜೆ ಆ ಗೊರಗೊರ ಕೇಳೇ ನನ್ನ ದನ ಬರೋದು. ನಿಮ್ಮವ್ವನ ದನಿ ಬದಲಾದ್ರೆ, ಕರೆದಾಗ ನೀನು ಹೋಗ್ತೀಯೇನಲೇ?”

ನಾನು ನಕ್ಕೆ. ಅವನು ನಗಲಿಲ್ಲ. ಅವನ ದನ ಮೇಯುವ ಕಾವಲಿಗೆ ಸರ್ಕಾರದವರು ಬೇಲಿ ಹಾಕಿಸುತ್ತಿದ್ದರು. ಅದು ಮುಗಿಯುವುದರೊಳಗೆ ದನಗಳನ್ನು ಹೊರಗೆ ಕರೆಯಬೇಕಿತ್ತು. ತಲೆಮಾರುಗಳಿಂದ ಮೇಯಿಸಿದ ಹುಲ್ಲುಗಾವಲನ್ನು ದನಗಾಹಿಗಳನ್ನೊಂದು ಮಾತೂ ಕೇಳದೆ ಕಿತ್ತುಕೊಂಡಿದ್ದರು. ಹೊಸದನ್ನು ಬಿಚ್ಚಿ, ಹರಿದ ಸ್ಪೀಕರಿಗೇ ತಂತಿ ಬೆಸೆದು ಕೊಟ್ಟೆ.

ದನಗಳೆಲ್ಲ ಹೊರಗೆ ಬಂದವಂತೆ. ಆಮೇಲೆ ಮೇವಿಲ್ಲದೆ ಅಜ್ಜ ಅವನ್ನು ಮಾರಬೇಕಾಯಿತು. ಸಂತೆಯವರೆಗೂ ಅವು ಆ ರೇಡಿಯೋದ ಹಿಂದೆಯೇ ನಂಬಿ ನಡೆದವಂತೆ.

ಬೇಲಿ ಬೇಡವೆಂದು ನಾವು ಊರವರೂ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತು, ಬಾಡಿಗೆ ಮೈಕಿನಲ್ಲಿ ಗಂಟಲು ಹರಿಯುವಂತೆ ಕೂಗಿದೆವು. ಸಾಹೇಬರು ಕಿಟಕಿ ಹಾಕಿಕೊಂಡರು. ದನಗಳಾದರೆ ತಿರುಗಿಯಾದರೂ ನೋಡುತ್ತಿದ್ದವು.